ಗಂಜಿಯಾದ ಸೀಸ

ಸೀಸ ಚಲೋ ಕರಗಿದರೆ ಕನ್ನಡಿಯಾಗುತ್ತದೆ. ಕೆನೆ ಸರಿಸಿದ ಕ್ಷಣ ಬೆಳ್ಳಿ, ಮರುಕ್ಷಣ ಅದರ ಮೇಲೆ ತೆಳ್ಳನೆಯ ಹಳದಿ, ನೇರಳೆ, ನೀಲಿ ಬಣ್ಣಗಳು ಓಡಾಡುತ್ತವೆ. ಹೋದ ಚಳಿಗಾಲ ಕುಬಿಹಾಳದ ನಮ್ಮ ಕಾಕಾನ ಹಿತ್ತಲಲ್ಲಿ ನಾನು ನೋಡಿದ್ದು ಆ ಕನ್ನಡಿಯಲ್ಲ. ಬೀಡಿನ ಕಡಾಯಿಯಲ್ಲಿ ಬೂದು ಬಣ್ಣದ ಗಟ್ಟಿ ಗಂಜಿ ಕುಳಿತಿತ್ತು, ಜೋಳದ ನುಚ್ಚು ಕುದಿಸಿ ಬಿಟ್ಟ ಹಾಗೆ. ಸೌಟು ಆಡಿಸಿದರೆ ಅದು ಹರಿಯಲಿಲ್ಲ, ಸರಿಯಿತು. ಕಾಕಾ ಒಂದು ಸೌಟು ಎತ್ತಿ ಬಲೆಗುಂಡಿನ ಅಚ್ಚಿಗೆ ಹೊಯ್ದರು. ಅಚ್ಚು ಬಿಚ್ಚಿದಾಗ ಆರು ಗುಂಡುಗಳಲ್ಲಿ ನಾಲ್ಕು ಅರ್ಧಕ್ಕೇ ನಿಂತಿದ್ದವು. ಉಳಿದೆರಡರ ಮೈಯೆಲ್ಲ ಸುಕ್ಕು.

‘ಇದರಾಗ ಸತು ಕೂಡೇತಿ, ತಮ್ಮಾ’ ಅಂದರು ಕಾಕಾ. ಅಂದವರೇ ಒಳಗೆ ಕೂಗಿ, ಗಂಧಕದ ಪುಡಿ ಇಟ್ಟ ಡಬ್ಬಿ ತರಲು ಹೇಳಿದರು. ಹೊರಗೆ ಬಂದದ್ದು ಡಬ್ಬಿಯಲ್ಲ, ನನ್ನ ತಂಗಿ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆಯ ಕೆಲಸ ಅವಳದು. ಕಡಾಯಿಯನ್ನೂ ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನೂ ಒಮ್ಮೆ ನೋಡಿ, ‘ಕಾಕಾ, ಗಂಧಕ ಹಾಕಬ್ಯಾಡ್ರಿ. ಬೇಕಾದ್ರ ಇದಿಷ್ಟೂ ಗುಜರಿಗೆ ಹಾಕಿಬಿಡ್ರಿ’ ಅಂದಳು.

ಅವತ್ತು ಸಂಜೆ ಶುರುವಾದ ವಾದ ಎರಡು ದಿನ ನಡೆಯಿತು. ನಡುವೆ ಕೂತು ಕೇಳಿದವನು ನಾನು. ಇಬ್ಬರ ಮಾತಿನಲ್ಲೂ ತೂಕವಿತ್ತು. ಆ ತೂಕ ಎಷ್ಟೆಂದು ಒರೆಗೆ ಹಚ್ಚಿ ನೋಡುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆದದ್ದೇನು ಎಂಬುದು. ಕಾಕಾ ಹುಬ್ಬಳ್ಳಿಯ ಟೈರ್ ಅಂಗಡಿಯೊಂದರಿಂದ ಹನ್ನೆರಡು ಕೆಜಿ ವ್ಹೀಲ್ ವೇಟ್ ತಂದಿದ್ದರು. ಚಕ್ರ ಓಲಾಡದಂತೆ ರಿಮ್ಮಿನ ಅಂಚಿಗೆ ಬಡಿಯುವ ಸಣ್ಣ ತೂಕದ ತುಂಡುಗಳು ಇವು. ಹಿಂದೆಲ್ಲ ಇವು ಸೀಸದವೇ ಆಗಿದ್ದವು, ಗಟ್ಟಿ ಬರಲೆಂದು ತುಸು ಆಂಟಿಮನಿ ಸೇರಿಸಿದ ಸೀಸ. ಯುರೋಪಿನಲ್ಲಿ 2005ರಿಂದ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ತೂಕಗಳಿಗೆ ನಿಷೇಧ ಬಂತು. ಅಲ್ಲಿಂದ ಸತುವಿನವು, ಉಕ್ಕಿನವು ಮಾರುಕಟ್ಟೆಗೆ ಬಂದವು. ಈಗ ಟೈರ್ ಅಂಗಡಿಯ ಡಬ್ಬಿಯಲ್ಲಿ ಮೂರೂ ಬೆರೆತು ಬೀಳುತ್ತವೆ. ಉಕ್ಕು ತೊಂದರೆ ಕೊಡದು, ಕರಗದೆ ತೇಲುತ್ತದೆ. ಸತುವಿನ ಸ್ವಭಾವ ಬೇರೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು 419ಕ್ಕೆ. ನಡುವೆ ತೊಂಬತ್ತು ಡಿಗ್ರಿಯ ಅಂತರ. ಬೆಂಕಿ ಹದದಲ್ಲಿದ್ದರೆ ಸತುವಿನ ತುಂಡು ಮೇಲೆ ತೇಲುತ್ತ ಕಣ್ಣಿಗೆ ಬೀಳುತ್ತದೆ, ತಡಮಾಡದೆ ತೆಗೆದುಹಾಕಬಹುದು. ಕಾಕಾ ಅವತ್ತು ಹತ್ತಿಕಟ್ಟಿಗೆಯ ಉರಿಗೆ ಒಂದು ಜಾಲಿ ಕೊರಡು ಜಾಸ್ತಿ ಇಟ್ಟು, ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದರು. ಬರುವಷ್ಟರಲ್ಲಿ ತೇಲುತ್ತಿದ್ದದ್ದು ಕರಗಿ ಒಳಗಾಗಿತ್ತು.

ಎಷ್ಟು ಸೇರಿರಬಹುದು ಎಂದು ಲೆಕ್ಕ ಹಾಕಿದೆವು. ತಲಾ ನಲವತ್ತು ಗ್ರಾಂನ ಎರಡು ಸತುವಿನ ತುಂಡು ಎಂದಿಟ್ಟುಕೊಂಡರೆ ಹನ್ನೆರಡು ಕೆಜಿಗೆ ಎಂಬತ್ತು ಗ್ರಾಂ. ನೂರಕ್ಕೆ ಮುಕ್ಕಾಲು ಭಾಗಕ್ಕೂ ಕಡಿಮೆ. ಅಷ್ಟಕ್ಕೇ ಇಡೀ ಕಡಾಯಿ ಗಂಜಿಯಾಯಿತು. ಕರಗಿದ ಸೀಸದ ಮೇಲ್ಮೈಯಲ್ಲಿ ಸತು ಗಾಳಿಯೊಡನೆ ಕೂಡಿ ಬಿಡದೆ ಚರ್ಮ ಕಟ್ಟುತ್ತದೆ. ಆ ಚರ್ಮವೇ ಲೋಹವನ್ನು ಅಚ್ಚಿನ ಮೂಲೆಗೆ ಇಳಿಯಗೊಡುವುದಿಲ್ಲ.

ಸತು ಒಳಗೆ ಬರಲು ಟೈರ್ ಅಂಗಡಿಯೇ ಬೇಕಾಗಿಲ್ಲ. ಹಳೇ ಕಾರ್ಬ್ಯುರೇಟರಿನ ಮೈ, ಟಾರ್ಚಿನ ಸೆಲ್ಲಿನ ಡಬ್ಬಿ, ಎರಕದ ಬಾಗಿಲ ಹಿಡಿಕೆ, ಇವೆಲ್ಲ ಸತುವೇ. ಸತುವಿನ ಲೇಪವಿರುವ ತಗಡಿನ ಬಕೇಟಿನಲ್ಲಿ ಸೀಸ ಕರಗಿಸುವವರೂ ಉಂಟು. ಆ ಲೇಪ ಮೆಲ್ಲಗೆ ಸೀಸದೊಳಗೆ ಇಳಿಯುತ್ತದೆ, ಕರಗಿಸಿದವರಿಗೆ ಸುಳಿವೇ ಸಿಗುವುದಿಲ್ಲ.

ಕಾಕಾನಿಗೆ ಈ ಸತುವಿನ ಪರಿಚಯ ಬಲೆಗುಂಡಿನಿಂದ ಆದದ್ದಲ್ಲ. ಅವರು ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಮೊದಲು ಮೊಳೆ ಜೋಡಿಸುತ್ತಿದ್ದವರು, ಆಮೇಲೆ ಮೊಳೆ ಎರಕದ ಕೋಣೆಗೆ ಹೋದವರು. ಆಫ್‌ಸೆಟ್ ಬಂದು ಮೊಳೆಗಳೆಲ್ಲ ಗುಜರಿಗೆ ಹೋಗುವ ತನಕ ಅದೇ ಅವರ ಅನ್ನ. ಕನ್ನಡ ಅಚ್ಚಿನ ಕತೆಯಲ್ಲಿ ಧಾರವಾಡ ಸೀಮೆಗೆ ದೊಡ್ಡ ಜಾಗವಿದೆ. ಸಂಯುಕ್ತ ಕರ್ನಾಟಕ ಬೆಳಗಾವಿಯಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆ ನಿಂತಿತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ಗದುಗಿಗೆ ಮುದ್ರಣಕಾಶಿ ಎಂಬ ಹೆಸರೇ ಬಂತು. ಅಷ್ಟೂ ಓದಿನ ಕೆಳಗೆ ಇದ್ದದ್ದು ಸೀಸ. ಮೊಳೆಯ ಲೋಹ ಎಂದರೆ ಬಹುಪಾಲು ಸೀಸ, ಗಟ್ಟಿತನಕ್ಕೆ ಆಂಟಿಮನಿ, ಸಲೀಸಾಗಿ ಹರಿಯಲು ಒಂದಿಷ್ಟು ತವರ. ಸವೆದ ಮೊಳೆಯನ್ನು ಮತ್ತೆ ಕರಗಿಸಿ ಹೊಸ ಮೊಳೆ ಎರೆಯುವುದು ವಾಡಿಕೆ.

ಅದೇ ಪ್ರೆಸ್ಸಿನಲ್ಲಿ ಚಿತ್ರಗಳಿಗೆ ಬಳಸುತ್ತಿದ್ದ ಬ್ಲಾಕುಗಳು ಸತುವಿನವು. ಪುಟ ಬಿಚ್ಚುವಾಗ ಮೊಳೆ, ಬ್ಲಾಕು, ರೂಲು ಎಲ್ಲ ಒಂದೇ ಮೇಜಿನ ಮೇಲೆ. ಅವಸರದಲ್ಲಿ ಒಂದು ಬ್ಲಾಕಿನ ಚೂರು ಸವೆದ ಮೊಳೆಯ ರಾಶಿಗೆ ಬಿದ್ದು ಎರಕದ ಕೋಣೆಗೆ ಬಂತೆಂದರೆ ಆ ದಿನದ ಎರಕವೆಲ್ಲ ಹಾಳು. ಕಾಕಾ ಇದನ್ನು ಹೇಳುವಾಗ ಬೆರಳ ತುದಿಯಲ್ಲಿ ಗಾಳಿಯಲ್ಲೇ ಒಂದು ಒತ್ತಕ್ಷರ ಬರೆದು ತೋರಿಸಿದರು. ‘ದೊಡ್ಡ ಅಕ್ಷರ ಹೆಂಗರ ಮೂಡತೈತಿ. ಒತ್ತಿನ ಬಾಲ ಇರತೈತಲ್ಲ, ಕೂದಲೆಳಿ ಹಂಗ, ಅಲ್ಲಿಗೆ ಲೋಹ ಹೋಗೂದಿಲ್ಲ. ತುದಿ ಮುರಕ ಬರತೈತಿ.’ ಇಂಗ್ಲಿಷಿನ ಅಕ್ಷರಗಳಿಗೆ ಅಷ್ಟು ಕಾಟವಿಲ್ಲ. ಗುಂಡಗಿನ ಮೈ, ಸುರುಳಿಯ ತಲೆಕಟ್ಟು, ಕೆಳಗೆ ಇಳಿಬಿದ್ದ ಒತ್ತು ಇರುವ ನಮ್ಮ ಲಿಪಿಗೆ ಸತು ಇನ್ನಷ್ಟು ಕೆಟ್ಟ ವೈರಿ. ನಾನು ಓದಿದ ಎಷ್ಟೋ ಹಳೆಯ ಪುಸ್ತಕಗಳಲ್ಲಿ ಬಾಲ ಮುರಿದ ಒತ್ತುಗಳನ್ನು ನೋಡಿ ಮೊಳೆ ಸವೆದಿದೆ ಎಂದಷ್ಟೇ ಅಂದುಕೊಂಡಿದ್ದೆ. ಕೆಲವಾದರೂ ಹುಟ್ಟುವಾಗಲೇ ಮುರಿದವಿರಬೇಕು.

ಇಲ್ಲಿ ರಸಾಯನದ ಒಂದು ಗುಟ್ಟು ಹೇಳಬೇಕು. ವಾದವೆಲ್ಲ ನಿಂತಿರುವುದು ಅದರ ಮೇಲೆ. ಸತು ಕರಗುವ ಬಿಸಿಯಲ್ಲಿ ಸೀಸ ನೂರಕ್ಕೆ ಸುಮಾರು ಎರಡು ಭಾಗ ಸತುವನ್ನು ಒಳಗಿಟ್ಟುಕೊಳ್ಳಬಲ್ಲದು. ಆರುತ್ತ ಬಂದಂತೆ ಆ ಶಕ್ತಿ ಕುಗ್ಗುತ್ತದೆ. ಇಟ್ಟುಕೊಳ್ಳಲಾರದ ಸತು ಮೇಲೆ ಗಟ್ಟಿ ಕೆನೆಯಾಗಿ ಬರುತ್ತದೆ, ಅದನ್ನು ಜಾಲರಿ ಸೌಟಿನಿಂದ ತೆಗೆಯಬಹುದು. ಆದರೆ ಸೀಸ ಇನ್ನೇನು ಹೆಪ್ಪುಗಟ್ಟಬೇಕು ಅನ್ನುವ ಹೊತ್ತಿಗೂ ನೂರಕ್ಕೆ ಅರ್ಧ ಭಾಗ ಒಳಗೇ ಉಳಿದಿರುತ್ತದೆ. ಆರಿಸಿ ಕೆನೆ ತೆಗೆಯುವುದರಿಂದ ಅದಕ್ಕಿಂತ ಕೆಳಗೆ ಇಳಿಯಲಾಗದು. ಕಾಕಾನ ಕಡಾಯಿಯಲ್ಲಿ ಇದ್ದದ್ದೇ ಮುಕ್ಕಾಲು ಭಾಗದ ಒಳಗೆ. ಆರಿಸಿದರೆ ಹೋಗುವುದು ಚೂರು, ಗಂಜಿ ಮಾಡಲು ಉಳಿದ ಅರ್ಧವೇ ಸಾಕು.

ಆ ಅರ್ಧ ಭಾಗ ದೊಡ್ಡ ಕಾರ್ಖಾನೆಗಳನ್ನೂ ಬಿಟ್ಟಿಲ್ಲ. 1850ರಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಎಂಬ ಇಂಗ್ಲಿಷ್ ಲೋಹತಜ್ಞ ಸೀಸದಿಂದ ಬೆಳ್ಳಿ ತೆಗೆಯುವ ದಾರಿಗೆ ಪೇಟೆಂಟ್ ಪಡೆದ. ಕರಗಿದ ಸೀಸಕ್ಕೆ ಬೇಕೆಂದೇ ಸತು ಹಾಕುವುದು ಅವನ ಉಪಾಯ. ಬೆಳ್ಳಿಗೆ ಸೀಸಕ್ಕಿಂತ ಸತುವಿನ ನಂಟು ಹೆಚ್ಚು, ಸತುವಿನ ಕೆನೆಯ ಜೊತೆ ಅದೂ ಮೇಲೆ ಬರುತ್ತದೆ. ಬೆಳ್ಳಿ ಸಿಕ್ಕಿತು, ಆದರೆ ಸೀಸದಲ್ಲಿ ಅದೇ ಅರ್ಧ ಭಾಗ ಸತು ಉಳಿಯಿತು. ಅದನ್ನು ತೆಗೆಯಲು ಆಮೇಲೆ ಬೇರೆ ಬೇರೆ ವಿಧಾನಗಳು ಬಂದವು. ಕ್ಲೋರಿನ್ ಹಾಯಿಸುವುದು ಒಂದು. ಕ್ಲೋರಿನ್ ಸೀಸವನ್ನು ಬಿಟ್ಟು ಮೊದಲು ಸತುವನ್ನು ಹಿಡಿಯುತ್ತದೆ. ಕರಗಿದ ಕಾಸ್ಟಿಕ್ ಸೋಡಾದಲ್ಲಿ ಕಲಕುವುದು ಇನ್ನೊಂದು. ಕೊಪ್ಪರಿಗೆಯ ಮೇಲೆ ಗಾಳಿ ತೆಗೆದ ಮುಚ್ಚಳ ಕವುಚಿ ಸತುವನ್ನು ಆವಿಯಾಗಿಸಿ ತಣ್ಣನೆಯ ತಟ್ಟೆಗೆ ಹಿಡಿಯುವುದು ಮತ್ತೊಂದು. ಮೂರೂ ಮುಚ್ಚಿದ ಯಂತ್ರದ, ಹೊಗೆಗೂಡಿನ, ಸೋಸುಚೀಲದ ಕೆಲಸಗಳು.

ಹಿತ್ತಲಿಗೆ ಉಳಿದದ್ದು ಎರಡು ದಾರಿ. ಒಂದು ಗಂಧಕ. ಸೀಸ ಬಿಸಿಯಿರುವಾಗ ಗಂಧಕದ ಪುಡಿ ಹಾಕಿ ಕಲಕಿದರೆ ಅದು ಸತುವಿನೊಡನೆ ಕೂಡಿ ಕಪ್ಪು ಕಿಟ್ಟವಾಗಿ ಮೇಲೆ ಬರುತ್ತದೆ, ಒಂದಿಷ್ಟು ಸೀಸವನ್ನೂ ಎಳೆದುಕೊಂಡು. ಉಳಿದ ಗಂಧಕ ನೀಲಿ ಜ್ವಾಲೆಯಲ್ಲಿ ಉರಿದು ಎದೆ ಕಟ್ಟಿಸುವ ಹೊಗೆಯಾಗುತ್ತದೆ. ಇನ್ನೊಂದು ದಾರಿ ಬರೀ ಬೆಂಕಿ. ಸೀಸವನ್ನು 500 ಡಿಗ್ರಿಯ ಮೇಲೆ ಕಾಯಿಸಿ ಗಾಳಿ ತಾಗುವಂತೆ ಗಂಟೆಗಟ್ಟಲೆ ಕಲಕಿದರೆ ಸತು ಮೊದಲು ಸುಟ್ಟು ಬೂದಿಯಾಗುತ್ತದೆ. ಎರಡೂ ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಪ್ರೆಸ್ಸಿನ ಕಾಲದಲ್ಲಿ ತಾನೂ ತನ್ನ ಮೇಸ್ತ್ರಿಯೂ ಗಂಧಕದಿಂದಲೇ ಎಷ್ಟೋ ಸಲ ಲೋಹ ಉಳಿಸಿದ್ದೇವೆ ಎಂದರು ಕಾಕಾ. ಅವರ ಮಾತನ್ನು ನಾನು ನಂಬುತ್ತೇನೆ.

ಈಗ ಕಾಕಾನ ಪಕ್ಷ. ಅದನ್ನು ಹಗುರ ಮಾಡಿ ಹೇಳುವುದು ಅನ್ಯಾಯವಾದೀತು. ಗುಜರಿಯಲ್ಲಿ ಸೀಸದ ಬೆಲೆ ಕೆಜಿಗೆ ನೂರು ರೂಪಾಯಿ ದಾಟಿದೆ. ಹನ್ನೆರಡು ಕೆಜಿ ಎಂದರೆ ಎರೆಹೊಲದಲ್ಲಿ ದುಡಿಯುವ ಮನೆಗೆ ಒಂದೆರಡು ವಾರದ ಸಂತೆ. ‘ಕೆಟ್ಟ ಮಾಲು’ ಎಂದು ಗೊತ್ತಾದ ಕೂಡಲೇ ಗುಜರಿಯವನು ಅರ್ಧ ರೇಟು ಹೇಳುತ್ತಾನೆ, ಅದೂ ಉಪಕಾರ ಮಾಡಿದವನ ಹಾಗೆ. ಒಂದು ಬೀಸುಬಲೆಗೆ ಮೂರ್ನಾಲ್ಕು ಕೆಜಿ ಗುಂಡು ಬೇಕು. ಕೆರೆಗೆ ಬಲೆ ಹಾಕುವ ಹುಡುಗರು ಮಳೆಗಾಲಕ್ಕೆ ಮುಂಚೆಯೇ ಹೇಳಿಟ್ಟಿದ್ದಾರೆ, ಮುಂಗಡ ಕೊಟ್ಟಿದ್ದಾರೆ. ಇದು ದುಡ್ಡಿನ ಮಾತಾಯಿತು.

ಅದಕ್ಕಿಂತ ಗಟ್ಟಿಯಾದ ಮಾತನ್ನು ಅವರು ಎರಡನೇ ದಿನ ಹೇಳಿದರು. ‘ತಂಗೆವ್ವಾ, ನಾ ಮಾಡೂದು ಬಿಟ್ನಿ ಅನ್ನು. ಈ ಸೀಸ ಎಲ್ಲಿ ಹೋಕೈತಿ? ಗುಜರಿಯಾಂವ ಇನ್ನೊಬ್ಬಾಂವಗ ಮಾರತಾನ. ಆಂವ ಊರ ಹೊರಗ ಹರಕ ಶೆಡ್ಡಿನ್ಯಾಗ ಇದನ್ನ ಕಾಸತಾನ. ಅಲ್ಲೂ ಮಕ್ಕಳಿಲ್ಲೇನ? ನಮ್ಮ ಹಿತ್ತಲ ಸ್ವಚ್ಛ ಆತು, ಅವರ ಹಿತ್ತಲ?’

ಇದಕ್ಕೆ ತಂಗಿ ತಕ್ಷಣ ಉತ್ತರ ಕೊಡಲಿಲ್ಲ. ನನಗೂ ಹೊಳೆಯಲಿಲ್ಲ. ನಮ್ಮ ದೇಶದಲ್ಲಿ ಬಳಕೆಯಾಗುವ ಸೀಸದ ದೊಡ್ಡ ಪಾಲು ಹಳೇ ಬ್ಯಾಟರಿಗಳನ್ನು ಕರಗಿಸಿ ಬಂದದ್ದು. ಅದಕ್ಕಾಗಿ 2001ರಲ್ಲಿ ಬ್ಯಾಟರಿ ನಿಯಮಗಳು ಬಂದವು, 2022ರಲ್ಲಿ ಅವುಗಳ ಜಾಗಕ್ಕೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ನೋಂದಾಯಿತ ಘಟಕಗಳಲ್ಲಿ ಮಾತ್ರ ಕರಗಿಸಬೇಕು, ಬ್ಯಾಟರಿ ಮಾರಿದವರೇ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕು ಎಂಬುದು ಅವುಗಳ ತಿರುಳು. ಒಳ್ಳೆಯ ನಿಯಮ. ಆದರೆ ಅದು ಬ್ಯಾಟರಿಗೆ. ಕುಬಿಹಾಳದ ಹಿತ್ತಲಲ್ಲಿ ಕೂತ ಹನ್ನೆರಡು ಕೆಜಿ ಕೆಟ್ಟ ಸೀಸವನ್ನು ಬಂದು ಒಯ್ಯುವ ಗಾಡಿ ಯಾವ ನಿಯಮದಲ್ಲೂ ಇಲ್ಲ. ಇಷ್ಟು ಸಣ್ಣ ಮಾಲನ್ನು ದೊಡ್ಡ ಘಟಕದ ತನಕ ಮುಟ್ಟಿಸುವುದು ಒಬ್ಬ ಮನುಷ್ಯನ ಕೈಲಾಗುವ ಕೆಲಸವೂ ಅಲ್ಲ.

ಮೂರನೆಯ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಕಂಡದ್ದು. ಕೆಟ್ಟ ಲೋಹವನ್ನು ತಿದ್ದಿ ಸರಿಮಾಡುವುದು ಅವರ ಕೈಗೆ ಉಳಿದಿರುವ ಕೊನೆಯ ವಿದ್ಯೆ. ಮೊಳೆ ಹೋಯಿತು, ಪ್ರೆಸ್ಸು ಹೋಯಿತು. ಬಣ್ಣ ನೋಡಿ ಬಿಸಿ ಹೇಳುವ ಕಣ್ಣು, ಸೌಟಿನ ತೂಕದಿಂದ ಲೋಹ ಗುರುತಿಸುವ ಮಣಿಕಟ್ಟು ಇನ್ನೂ ಇವೆ. ಅದನ್ನು ‘ಗುಜರಿಗೆ ಹಾಕ್ರಿ’ ಅನ್ನುವುದು ಸುಲಭದ ಮಾತಲ್ಲ.

ತಂಗಿಯ ಪಕ್ಷ ಬೇರೆ ನೆಲದಲ್ಲಿ ನಿಂತಿದೆ. ಸೀಸ ಅವಳಿಗೆ ಕೆಜಿಯಲ್ಲಿ ಕಾಣುವುದಿಲ್ಲ, ಮೈಕ್ರೋಗ್ರಾಂನಲ್ಲಿ ಕಾಣುತ್ತದೆ. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಕಂಡರೂ ಎಚ್ಚರ ವಹಿಸಬೇಕು ಎನ್ನುತ್ತದೆ. ಎರಡು ವರ್ಷದ ಕೂಸಿನ ಮೈಯಲ್ಲಿ ಸುಮಾರು ಒಂದು ಲೀಟರ್ ರಕ್ತ. ಅಷ್ಟಕ್ಕೆ ಒಟ್ಟು 35 ಮೈಕ್ರೋಗ್ರಾಂ ಸಾಕು. ಒಂದು ಚಿಟಿಕೆ ಕಿಟ್ಟದ ಪುಡಿಯಲ್ಲಿ ಅದರ ಸಾವಿರಾರು ಪಟ್ಟು ಇದೆ. ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ರಕ್ತಹೀನತೆ ಇರುವ ಮಕ್ಕಳಲ್ಲಿ, ಕಬ್ಬಿಣದಂಶ ಕಡಿಮೆಯಿರುವುದರಿಂದ, ಇನ್ನೂ ಹೆಚ್ಚು. ನಮ್ಮ ಹಳ್ಳಿಗಳ ಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಎಂಬುದನ್ನು ಅವಳು ದಿನಾ ಕೈಯಾರೆ ಅಳೆಯುತ್ತಾಳೆ.

ಕರ್ನಾಟಕದವರಿಗೆ ಈ ವಿಷಯ ಹೊಸದಾಗಬಾರದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿ, ಅದಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದರು. ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಹೊರತಂದಾಗ, ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಮರುವರ್ಷ, 2000ದಲ್ಲಿ, ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಪೆಟ್ರೋಲಿನ ಸೀಸ ಹೋದರೂ ಗುಜರಿಯ ಸೀಸ ಉಳಿಯಿತು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ, ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮೀರಿದೆ. ಬ್ಯಾಟರಿಗಳನ್ನು ಬಯಲಲ್ಲಿ ಒಡೆದು ಕರಗಿಸುವುದು ಅದರ ದೊಡ್ಡ ಕಾರಣಗಳಲ್ಲೊಂದು ಎಂದು ಆ ವರದಿ ಹೇಳಿತು.

‘ನಾ ನಲವತ್ತು ವರ್ಷ ಇದರಾಗ ಕೈ ಇಟ್ಟೀನಿ. ಏನಾಗೇತಿ ನನಗ?’ ಎಂದು ಕಾಕಾ ಕೇಳಿದರು. ‘ಪ್ರೆಸ್ಸಿನ್ಯಾಗ ನಮಗ ದಿನಾ ಹಾಲು ಕೊಡತಿದ್ರು.’

‘ಕಾಕಾ, ನಿಮಗ ರಕ್ತದ ಒತ್ತಡ ಐತಿ. ಕೈ ಸಣ್ಣಗ ನಡಗತಾವು. ಅದು ಸೀಸದಿಂದನ ಬಂದೈತಿ ಅಂತ ನಾ ಹೇಳಾಂಗಿಲ್ರೀ. ಅಲ್ಲ ಅಂತ ಹೇಳಾಕೂ ನನ್ನ ಕಡೆ ಆಗಂಗಿಲ್ಲ.’

ಈ ಉತ್ತರ ನನಗೆ ಬಹಳ ಹಿಡಿಸಿತು. ಹಾಲಿನ ವಿಷಯಕ್ಕೂ ಅವಳು ಹಾಗೇ ನೇರವಾಗಿ ಹೇಳಿದಳು. ಕ್ಯಾಲ್ಸಿಯಂ ಚೆನ್ನಾಗಿರುವ ಮೈ ಸೀಸವನ್ನು ತುಸು ಕಡಿಮೆ ಹೀರುತ್ತದೆ ಎಂಬುದು ನಿಜ. ಆದ್ದರಿಂದ ಹಳೇ ನಂಬಿಕೆ ಪೂರ್ತಿ ಪೊಳ್ಳಲ್ಲ. ಆದರೆ ಹಾಲು ಕುಡಿದವರು ಕಿಟ್ಟದ ಧೂಳು ನುಂಗಬಹುದು ಎಂದೇನಿಲ್ಲ.

ಹೊಗೆಯ ವಿಷಯದಲ್ಲಿ ಮಾತ್ರ ಕಾಕಾನ ಅನುಭವಕ್ಕೆ ಅವಳು ಸಲ್ಲಬೇಕಾದ ಮಾನ ಕೊಟ್ಟಳು. 350 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಸೀಸ ಹೆಚ್ಚು ಆವಿಯಾಗುವುದಿಲ್ಲ. ಹದದ ಬೆಂಕಿಯಲ್ಲಿ ಗುಂಡು ಎರೆಯುವವನಿಗೆ ಅಪಾಯ ಬರುವುದು ಹೊಗೆಗಿಂತ ಹೆಚ್ಚಾಗಿ ಕಿಟ್ಟದ ಪುಡಿಯಿಂದ, ತೊಳೆಯದ ಕೈಯಿಂದ, ಅದೇ ಅಂಗಿಯಲ್ಲಿ ಕೂಸನ್ನು ಎತ್ತಿಕೊಳ್ಳುವುದರಿಂದ. ಇದನ್ನು ಎಚ್ಚರದಿಂದ ತಡೆಯಬಹುದು. ಸತು ತೆಗೆಯುವ ಕೆಲಸ ಹಾಗಲ್ಲ. ಸುಟ್ಟು ತೆಗೆಯಬೇಕೆಂದರೆ 500 ಡಿಗ್ರಿ ದಾಟಬೇಕು, ಸೀಸ ಆವಿಯಾಗಿ ಗಾಳಿ ಸೇರುವುದು ಜೋರಾಗುವುದೂ ಆ ಬಿಸಿಯಲ್ಲೇ. ಗಂಧಕ ಹಾಕಿದರೆ ಹೊಗೆ ಕಣ್ಣಿಗೇ ಕಾಣುತ್ತದೆ, ಜೊತೆಗೆ ಹಗುರವಾದ ಕಪ್ಪು ಪುಡಿ ರಾಶಿ ಬೀಳುತ್ತದೆ. ಅದು ಅರ್ಧ ಸೀಸವೇ. ಗಾಳಿಗೆ ಹಾರುತ್ತದೆ, ಮಳೆಗೆ ಇಳಿಯುತ್ತದೆ, ಕೋಳಿ ಕೆದರುತ್ತದೆ. ಎರಕ ಹೊಯ್ಯುವಷ್ಟು ಕಡಿಮೆ ಅಪಾಯದ ಕೆಲಸವನ್ನು ಶುದ್ಧಿಯ ಹೆಸರಿನಲ್ಲಿ ನಾವೇ ಅತಿ ಅಪಾಯದ ಕೆಲಸ ಮಾಡಿಕೊಳ್ಳುತ್ತೇವೆ ಎಂಬುದು ಅವಳ ವಾದದ ಮೊನೆ.

ಇಷ್ಟು ಮಾಡಿಯೂ ಸತು ಎಷ್ಟು ಹೋಯಿತು ಎಂದು ತಿಳಿಯುವ ಸಾಧನ ಹಿತ್ತಲಲ್ಲಿಲ್ಲ. ಎರೆದು ನೋಡುವುದೊಂದೇ ಪರೀಕ್ಷೆ. ಸರಿಬರದಿದ್ದರೆ ಮತ್ತೊಮ್ಮೆ ಗಂಧಕ, ಮತ್ತೊಮ್ಮೆ ಹೊಗೆ. ಪ್ರತಿ ಸಲವೂ ಸೀಸ ಕಿಟ್ಟಕ್ಕೆ ಹೋಗುತ್ತದೆ, ಗಟ್ಟಿತನ ಕೊಡುವ ಮತ್ತು ಹರಿಯುವ ಗುಣ ಕೊಡುವ ಬೆರಕೆಯೂ ಅಷ್ಟಿಷ್ಟು ಹೋಗುತ್ತದೆ.

ನನ್ನ ಮನಸ್ಸು ಎತ್ತ ವಾಲಿತು ಎಂದು ಹೇಳಿಬಿಡುತ್ತೇನೆ. ಹಿತ್ತಲಲ್ಲಿ ಸತು ತೆಗೆಯುವ ವಿಷಯದಲ್ಲಿ ತಂಗಿ ಹೇಳಿದ್ದೇ ಸರಿ. ಪ್ರೆಸ್ಸಿನ ಎರಕದ ಕೋಣೆಯಲ್ಲಿ ಮಕ್ಕಳಿರಲಿಲ್ಲ, ಇಲ್ಲಿದ್ದಾರೆ. ಈ ಒಂದು ವ್ಯತ್ಯಾಸ ಕಾಕಾನ ನಲವತ್ತು ವರ್ಷದ ಅನುಭವಕ್ಕಿಂತ ಭಾರ ತೂಗುತ್ತದೆ. ಆದರೆ ‘ಗುಜರಿಗೆ ಹಾಕಿ ಕೈ ತೊಳಕೊಳ್ರಿ’ ಎಂಬ ಅವಳ ಮೊದಲ ಮಾತನ್ನು ನಾನು ಒಪ್ಪಲಾರೆ. ಅಲ್ಲಿ ಕಾಕಾ ಕೇಳಿದ ಪ್ರಶ್ನೆ ಹಾಗೇ ನಿಂತಿದೆ. ಎರಡನೇ ದಿನ ರಾತ್ರಿ ಉಂಡು ಕೂತಾಗ ಅವಳೂ ಅದನ್ನು ಒಪ್ಪಿದಳು.

ಒಪ್ಪಿದ ಮೇಲೆ ಮಾತು ಬೇರೆ ದಿಕ್ಕಿಗೆ ಹೊರಳಿತು. ಈ ಸೀಸವನ್ನು ಶುದ್ಧ ಮಾಡಲೇಬೇಕೆ? ಮೊಳೆ ಎರೆಯುವುದಾಗಿದ್ದರೆ ಬೇಕಿತ್ತು. ಒತ್ತಿನ ಬಾಲಕ್ಕೆ ಲೋಹ ಇಳಿಯಬೇಕಿತ್ತು. ಬಲೆಗುಂಡಿಗೆ ಬಾಲವಿಲ್ಲ. ತೂಕವೊಂದಿದ್ದರೆ ಸಾಕು, ಮೈ ಸುಕ್ಕಾದರೆ ಮೀನು ಬೇಡ ಅನ್ನುವುದಿಲ್ಲ. ಅರ್ಧಕ್ಕೆ ನಿಲ್ಲುವುದೊಂದೇ ತೊಂದರೆ. ಅದಕ್ಕೆ ಕಾಕಾ ಒಂದು ಉಪಾಯ ಹೇಳಿದರು: ಸಾರಿಗೆ ಉಪ್ಪು ಹೆಚ್ಚಾದರೆ ಬೇಳೆಕಟ್ಟು ಬೆರೆಸಿದ ಹಾಗೆ, ಕೆಟ್ಟ ಸೀಸ ಒಂದು ಪಾಲಿಗೆ ಒಳ್ಳೆಯ ಸೀಸ ಒಂಬತ್ತು ಪಾಲು ಸೇರಿಸುವುದು. ಸತು ಹತ್ತನೇ ಒಂದಕ್ಕೆ ಇಳಿಯುತ್ತದೆ, ಗುಂಡು ತುಂಬಿ ಬರುತ್ತದೆ. ಇದಕ್ಕೆ ಹೆಚ್ಚಿನ ಬಿಸಿ ಬೇಡ, ಗಂಧಕ ಬೇಡ. ಪ್ರತಿ ಸಲ ತುಸುತುಸುವೇ ಸೇರಿಸುತ್ತ ಹೋದರೆ ಹನ್ನೆರಡು ಕೆಜಿ ಎರಡು ಹಂಗಾಮಿನಲ್ಲಿ ಕರಗಿಹೋಗುತ್ತದೆ. ತಪ್ಪಿ ಹೆಚ್ಚು ಸೇರಿಸಿದರೆ ಒಳ್ಳೆಯದೂ ಕೆಡುತ್ತದೆ, ಆ ಭಯ ಇದ್ದೇ ಇದೆ.

ಇನ್ನೊಂದು ಉಪಯೋಗ ನಮ್ಮ ಹಳೇ ಮನೆಗಳಲ್ಲೇ ಇದೆ. ಕಲ್ಲಿನ ಕಂಬದಲ್ಲಿ ಕಬ್ಬಿಣದ ಬಳೆಯನ್ನೋ ಕೊಂಡಿಯನ್ನೋ ಕೂರಿಸಬೇಕಾದರೆ, ಕಲ್ಲಿಗೆ ಕುಳಿ ಹೊಡೆದು ಕೊಂಡಿ ನಿಲ್ಲಿಸಿ ಸುತ್ತ ಸೀಸ ಹೊಯ್ಯುತ್ತಾರೆ. ಆರಿದ ಮೇಲೆ ಉಳಿಯಿಂದ ಬಡಿದು ಬಿಗಿ ಮಾಡುತ್ತಾರೆ. ಆ ಕುಳಿಗೆ ಕನ್ನಡಿಯಂಥ ಸೀಸವೇ ಆಗಬೇಕೆಂದಿಲ್ಲ.

ಮುಂದಿನ ಸಲ ಹೀಗಾಗದಂತೆ ನೋಡುವ ಕೆಲಸವನ್ನೂ ಅವತ್ತೇ ಹಚ್ಚಿಕೊಂಡೆವು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಟೈರ್ ಅಂಗಡಿಯಿಂದ ತಂದ ಇನ್ನೊಂದು ಚೀಲವನ್ನು ಕಾಕಾ ಗೋಣಿತಟ್ಟಿನ ಮೇಲೆ ಸುರುವಿದರು. ಒಂದೊಂದೇ ತುಂಡನ್ನು ಎತ್ತಿ ಕಲ್ಲಿನ ಮೇಲೆ ಬೀಳಿಸಿದರು. ಸೀಸ ‘ದಪ್’ ಅನ್ನುತ್ತದೆ, ಸತು ಸಣ್ಣಗೆ ಮಿಡಿಯುತ್ತದೆ. ಅನುಮಾನ ಬಂದದ್ದನ್ನು ಇಕ್ಕಳದಿಂದ ಕಚ್ಚಿಸಿದರು. ಸೀಸಕ್ಕೆ ಇಕ್ಕಳದ ಹಲ್ಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಸತುವಿನ ಮೇಲೆ ಜಾರುತ್ತದೆ. ಕೆಲವು ತುಂಡುಗಳ ಬೆನ್ನ ಮೇಲೆ ಸತುವಿನ ಇಂಗ್ಲಿಷ್ ಗುರುತೇ ಒತ್ತಿತ್ತು, ಕನ್ನಡಕ ಹಾಕಿಕೊಂಡರೆ ಕಾಣುವಷ್ಟು. ಇನ್ನೂ ತಿಳಿಯದವಕ್ಕೆ ತಂಗಿ ಬಚ್ಚಲು ತೊಳೆಯುವ ಆ್ಯಸಿಡ್ಡಿನ ಒಂದೊಂದು ಹನಿ ಬಿಟ್ಟಳು. ಸತುವಿನ ಮೇಲೆ ಹನಿ ಬುಸ್ಸೆಂದು ನೊರೆಯಿತು. ಸೀಸದ ಮೇಲೆ ಸುಮ್ಮನೆ ಕೂತಿತು. ಇಬ್ಬರೂ ಒಂದೇ ಗೋಣಿತಟ್ಟಿನ ಎರಡು ಬದಿಗೆ ಬಗ್ಗಿ ಕೂತು ಆರಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಹದಿನಾಲ್ಕು ಸತುವಿನ ತುಂಡು, ಒಂಬತ್ತು ಉಕ್ಕಿನವು ಹೊರಬಿದ್ದವು. ಕಡಾಯಿಯನ್ನು ಮನೆಯಿಂದ ದೂರ, ಕಣದ ಆಚೆ ಬದುವಿಗೆ ಒಯ್ಯಬೇಕು, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲೇ ಉರಿ ಹಚ್ಚಬೇಕು, ಆ ಕೆಲಸದ ಅಂಗಿ ಮನೆಯೊಳಗೆ ಬರಬಾರದು ಎಂಬ ಕರಾರುಗಳಿಗೂ ಕಾಕಾ ಹೂಂಗುಟ್ಟಿದರು. ಒದ್ದೆ ತುಂಡು ಕರಗಿದ ಸೀಸಕ್ಕೆ ಬೀಳಬಾರದು, ಬಿದ್ದರೆ ನೀರು ಉಗಿಯಾಗಿ ಸಿಡಿದು ಲೋಹ ಮೈಮೇಲೆ ಬರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಎಡ ಮೊಣಕೈಯಲ್ಲಿ ಅದರ ಹಳೇ ಕಲೆಯಿದೆ.

ಕೆಟ್ಟ ಸೀಸವನ್ನು ಹದದ ಬೆಂಕಿಯಲ್ಲಿ ಇನ್ನೊಮ್ಮೆ ಕರಗಿಸಿ, ಕೆನೆ ತೆಗೆದು, ಇಟ್ಟಿಗೆಯಾಕಾರದ ಗಟ್ಟಿಗಳಾಗಿ ಹೊಯ್ದರು. ಬಿಸಿ ಆರುವ ಮುಂಚೆ ಪ್ರತಿಯೊಂದರ ಮೇಲೂ ಉಳಿಯ ಮೊನೆಯಿಂದ ‘ಸ’ ಎಂದು ಕೆತ್ತಿದರು. ಒಳ್ಳೆಯ ಸೀಸದ ಗಟ್ಟಿಗಳ ಮೇಲೆ ‘ಸೀ’. ಮೊಳೆ ಜೋಡಿಸಿದವರ ಕೈ, ಎರಡೂ ಅಕ್ಷರ ದುಂಡಗೆ ಬಂದವು.

ಯುಗಾದಿಯ ಹೊತ್ತಿಗೆ ನಾನು ಮತ್ತೆ ಹೋದಾಗ ದನದ ಕೊಟ್ಟಿಗೆಯ ಕಲ್ಲುಕಂಬಕ್ಕೆ ಹೊಸ ಕೊಂಡಿ ಕೂತಿತ್ತು, ಸುತ್ತ ಬೂದು ಸೀಸ, ಉಳಿಯ ಬಡಿತದ ಗುರುತುಗಳು. ಬಲೆಗುಂಡುಗಳು ಮೂರು ಬಲೆಗಳಾಗಿ ಹೋಗಿದ್ದವು. ಕೆನೆ ತೆಗೆದ ಕಿಟ್ಟ ಮಾತ್ರ ಉಳಿದಿತ್ತು. ಹಳೇ ಪೇಂಟಿನ ಡಬ್ಬಿಗೆ ತುಂಬಿ, ಮುಚ್ಚಳ ಬಡಿದು, ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲೆ ಇಟ್ಟಿದ್ದರು. ಎಲ್ಲಿಗೆ ಕೊಡಬೇಕು ಎಂದು ತಂಗಿ ಹುಬ್ಬಳ್ಳಿಯಲ್ಲಿ ಮೂರು ಕಡೆ ಕೇಳಿ ಬಂದಿದ್ದಳು. ಇಷ್ಟು ಕಡಿಮೆ ಮಾಲು ತೆಗೆದುಕೊಳ್ಳುವುದಿಲ್ಲ ಎಂದಿದ್ದರಂತೆ. ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ‘ಮುಟ್ಟಬ್ಯಾಡ್ರಿ’ ಎಂದು ಬರೆದಿದೆ. ಅದು ಇನ್ನೂ ಅಟ್ಟದ ಮೇಲೇ ಇದೆ.